ಗುಳೆ ಮತ್ತು ಓಣಿ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜನ ಕಡಲ ನಗರಗಳಲ್ಲಿ ನೆಲೆ ಆರಿಸಿಕೊಂಡ ಬಗೆ

1. ಪ್ರವೇಶ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ನೆಲದಲ್ಲಿ ಸುರಪುರ ಹಾಗೂ ಶಹಾಪುರಗಳು, ಭೀಮೆಯ ಆಚೆ ದಂಡೆಯಲ್ಲಿ ಯಾದಗಿರಿ ನೆಲೆಗೊಂಡಿವೆ. ಬಹುಕಾಲ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಈ ಮೂರು ತಾಲ್ಲೂಕುಗಳು 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯಾಗಿ ಬೇರ್ಪಟ್ಟವು. ಎರೆ ಮತ್ತು ಮಸಾರಿ ಭೂಮಿ, ನಡುನಡುವೆ ಕಲ್ಲುಗುಡ್ಡ, ಜೋಳ ತೊಗರಿಗಳ ಬೆಳೆ, ನಂಬಲಾಗದ ಮಳೆ ಇವು ಈ ಸೀಮೆಯ ಲಕ್ಷಣಗಳು. ಕಡಲು ಇಲ್ಲಿಂದ ಬಹುದೂರ. ಇಲ್ಲಿಯ ಜನಪದ ಕಥೆಗಳಲ್ಲಿ ಕಡಲು ‘ಏಳು ಸಮುದ್ರದಾಚೆ’ ಎಂಬ ನುಡಿಗಟ್ಟಾಗಿ ಸುಳಿಯುತ್ತದೆಯೇ ಹೊರತು ಕಂಡುಂಡ ನೀರಾಗಿ ಅಲ್ಲ.

ಆದರೂ ಈ ಸೀಮೆಯ ದುಡಿಯುವ ಜನರ ಒಂದು ಭಾಗ ತಲೆಮಾರುಗಳಿಂದ ಕಡಲಂಚಿನ ನಗರಗಳಲ್ಲಿ ಬದುಕುತ್ತ ಬಂದಿದೆ. ಮುಂಬಯಿ, ಗೋವೆಯ ವಾಸ್ಕೊ, ಮಂಗಳೂರು, ಉಡುಪಿಗಳಲ್ಲಿ ಅವರ ಬಿಡಾರಗಳಿವೆ. ಈ ಹೋಗುವಿಕೆಗೆ ಇಲ್ಲಿಯ ಜನ ಇಟ್ಟ ಹೆಸರು ಗುಳೆ. ಗುಳೆಯ ಆರ್ಥಿಕ ಕಾರಣಗಳನ್ನು ಕುರಿತು ಸಮಾಜವಿಜ್ಞಾನಿಗಳು ಸಾಕಷ್ಟು ಬರೆದಿದ್ದಾರೆ. ಬರ, ಸಾಲ, ತುಂಡುಭೂಮಿ, ಕೂಲಿಯ ಅಭಾವಗಳು ಅವರ ಬರವಣಿಗೆಯ ಮುಖ್ಯ ವಿಷಯಗಳು. ಇಷ್ಟಾದರೂ ಒಂದು ಪ್ರಶ್ನೆ ಹಿಂದೆ ಉಳಿದಿದೆ. ಗುಳೆ ಹೋದವರು ಅಪರಿಚಿತವಾದ ಕಡಲ ನಗರದಲ್ಲಿ ಇಂಥದೇ ಜಾಗದಲ್ಲಿ ಇಳಿಯಬೇಕೆಂದು ಹೇಗೆ ತೀರ್ಮಾನಿಸಿದರು?

ಸಿಕ್ಕಿದ ಕಡೆ ಇಳಿದರು ಎಂಬುದು ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ. ನಗರಾಡಳಿತದ ಕಡತಗಳಲ್ಲಿ ಇಂಥ ನೆಲೆಗಳಿಗೆ ‘ಅತಿಕ್ರಮಣ’ ಎಂಬ ಹೆಸರು ಬೀಳಲು ಇದೇ ತಿಳಿವಳಿಕೆ ಕಾರಣವಾಗಿದೆ. ಗುಳೆ ಹೋದವರು ತಮ್ಮ ಊರಿನಿಂದಲೇ ನೆಲೆಯನ್ನು ಕುರಿತ ಒಂದು ತಿಳಿವನ್ನು ಒಯ್ದಿದ್ದರು, ಎಷ್ಟೇ ಇಕ್ಕಟ್ಟಿನಲ್ಲಿಯೂ ಆ ತಿಳಿವಿನಿಂದಲೇ ಕಡಲ ನಗರದ ಮೂಲೆಗಳನ್ನು ಅಳೆದರು ಎಂಬುದು ಪ್ರಸ್ತುತ ಲೇಖನದ ವಾದ. ಈ ಅಳತೆಯನ್ನು ಅರಿಯದ ಕಾರಣ ನೆಲೆ ಎಬ್ಬಿಸುವ ಮತ್ತು ಪುನರ್ವಸತಿ ಒದಗಿಸುವ ಕ್ರಮಗಳೆರಡೂ ಅವರ ಬದುಕನ್ನು ತಪ್ಪಾಗಿ ಓದಿವೆ ಎಂಬುದನ್ನೂ ಇಲ್ಲಿ ತೋರಿಸಲು ಯತ್ನಿಸಲಾಗಿದೆ.

2. ಊರಿನಲ್ಲಿ ನೆಲೆಯ ಕಲ್ಪನೆ

ನೆಲೆ ಬದಲಿಸುವುದು ಈ ಸೀಮೆಯ ಇತಿಹಾಸಕ್ಕೆ ಹೊಸತಲ್ಲ. 1705ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದನು. ಅದು ಅವನ ಜೀವಿತದ ಕೊನೆಯ ದೊಡ್ಡ ಮುತ್ತಿಗೆ. ಕೋಟೆ ಕೈಬಿಟ್ಟ ಮೇಲೆ ಬೇಡ ನಾಯಕರ ರಾಜಧಾನಿ ಗುಡ್ಡಗಳ ಮರೆಯಲ್ಲಿರುವ ಸುರಪುರದಲ್ಲಿ ನೆಲೆಗೊಂಡಿತು. ಸುರಪುರದ ನೆಲವನ್ನು ನೋಡಿದವರಿಗೆ ಈ ಆಯ್ಕೆಯ ಹಿಂದಿನ ವಿವೇಕ ತಿಳಿಯುತ್ತದೆ. ಸುತ್ತ ಗುಡ್ಡದ ಕಾವಲು, ಒಳಗೆ ನೀರಿನ ಆಸರೆ, ಬರುವ ದಾರಿ ಇಕ್ಕಟ್ಟು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿದ್ದ ಮೇಲೆ ಸಂಸ್ಥಾನ ಅಳಿಯಿತು. 1860ರಲ್ಲಿ ಆ ಸೀಮೆ ಹೈದರಾಬಾದಿನ ನಿಜಾಮನ ಕೈಸೇರಿತು. ಅರಸೊತ್ತಿಗೆ ಹೋದರೂ ನೆಲೆಯನ್ನು ಅಳೆಯುವ ಲೋಕರೂಢಿಯ ತಿಳಿವು ಹಳ್ಳಿಗಳಲ್ಲಿ ಉಳಿಯಿತು.

ಈ ಸೀಮೆಯ ಹಳ್ಳಿಯನ್ನು ಅಗಸಿ, ಓಣಿ, ಕಟ್ಟೆ, ಬಾವಿ, ಗುಡಿಗಳ ಮೂಲಕ ಅರಿಯಬೇಕಾಗುತ್ತದೆ. ಅಗಸಿ ಊರಿನ ಒಳಹೊರಗನ್ನು ಬೇರ್ಪಡಿಸುತ್ತದೆ. ಓಣಿಯು ಬಳಗವನ್ನೂ ಜಾತಿಯನ್ನೂ ಕಸುಬನ್ನೂ ಒಟ್ಟಿಗೆ ಸೂಚಿಸುತ್ತದೆ. ಒಬ್ಬನ ಓಣಿ ಗೊತ್ತಾದರೆ ಅವನ ಮನೆತನ, ಅವನು ಕುಳಿತುಕೊಳ್ಳುವ ಕಟ್ಟೆ, ನೀರು ಸೇದುವ ಬಾವಿ ಇವೆಲ್ಲ ಗೊತ್ತಾದಂತೆಯೇ. ಊರ ಹೊರಗೆ ದಲಿತರ ಕೇರಿ, ಇನ್ನೂ ಆಚೆ ಲಂಬಾಣಿ ತಾಂಡಾ. ತಾಂಡಾದ ನಡುವೆ ಮರಿಯಮ್ಮ, ಸೇವಾಲಾಲರ ಗುಡಿ, ಗುಡಿಯ ಮೇಲೆ ಬಾವುಟ. ಹೀಗೆ ನೆಲೆ ಎಂದರೆ ಚಾವಣಿಯಷ್ಟೇ ಅಲ್ಲ, ಮನುಷ್ಯನನ್ನು ಗುರುತಿಸುವ ಒಂದು ವಿಳಾಸವೂ ಹೌದು. ಆ ವಿಳಾಸ ಕೆಲವರಿಗೆ ಆಸರೆ, ಕೆಲವರಿಗೆ ಬಂಧನ. ಈ ಎರಡು ಮುಖಗಳನ್ನೂ ಮುಂದಿನ ಚರ್ಚೆಯಲ್ಲಿ ನೆನಪಿಡಬೇಕಾಗುತ್ತದೆ.

3. ಕಡಲಿಗೆ ಹೋದ ದಾರಿಗಳು

ಈ ಸೀಮೆಯನ್ನು ಕಡಲಿಗೆ ಜೋಡಿಸಿದ ಮೊದಲ ದೊಡ್ಡ ದಾರಿ ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಮಾರ್ಗ ಸೊಲ್ಲಾಪುರ, ವಾಡಿ, ಯಾದಗಿರಿಗಳನ್ನು ಹಾಯ್ದು 1871ರಲ್ಲಿ ರಾಯಚೂರನ್ನು ತಲುಪಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಸುರಪುರ ಮತ್ತು ಶಹಾಪುರಗಳಿಗೆ ರೈಲು ಬರಲಿಲ್ಲ. ಆ ತಾಲ್ಲೂಕುಗಳ ಜನ ಗಂಟುಮೂಟೆ ಹೊತ್ತು ಯಾದಗಿರಿಯ ನಿಲ್ದಾಣಕ್ಕೆ ಬಂದು ಗಾಡಿ ಹತ್ತಿದರು. ಹೀಗಾಗಿ ಯಾದಗಿರಿ ನಿಲ್ದಾಣ ಇಡೀ ಸೀಮೆಯ ಅಗಸಿಯಾಯಿತೆನ್ನಬಹುದು.

ರೈಲು ಬಂದ ಐದಾರು ವರ್ಷಗಳಲ್ಲಿಯೇ 1876-78ರ ಮಹಾಕ್ಷಾಮ ಬಂದಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಜನ ನೆನೆಯುವುದು ಇದನ್ನೇ. ಅದೇ ದಶಕದಲ್ಲಿ ಸೊಲ್ಲಾಪುರದಲ್ಲಿ ಬಟ್ಟೆಗಿರಣಿ ಆರಂಭವಾಯಿತು, 1880ರಲ್ಲಿ ಮುಂಬಯಿಯ ಪ್ರಿನ್ಸೆಸ್ ಡಾಕ್ ತೆರೆಯಿತು. ಹಸಿವು ಇತ್ತ, ಕೂಲಿ ಅತ್ತ, ನಡುವೆ ರೈಲು ಎಂಬಂತಾಯಿತು. ನಿಜಾಮ ಸೀಮೆಯ ಕೂಲಿಕಾರರಿಗೆ ಮುಂಬಯಿ ಆ ಮೊದಲೇ ತೀರ ಅಪರಿಚಿತವಾಗಿರಲಿಲ್ಲ. ಆ ನಗರದ ಕಾಮಾಠಿಪುರಕ್ಕೆ ಹೆಸರು ಬಂದದ್ದು ನಿಜಾಮ ಸೀಮೆಯಿಂದ ಹೋದ ಕಾಮಾಠಿಗಳಿಂದ. ಅವರಲ್ಲಿ ತೆಲುಗರೇ ಹೆಚ್ಚಾಗಿದ್ದರೆಂಬುದು ನಿಜ. ಕೂಲಿಯಾಳುಗಳ ಗುಂಪೊಂದು ತಾನಿಳಿದ ಜಾಗಕ್ಕೆ ತನ್ನ ಹೆಸರನ್ನೇ ಕೊಟ್ಟ ಹಳೆಯ ನಿದರ್ಶನವಾಗಿ ಅದು ಇಲ್ಲಿ ಮುಖ್ಯವೆನಿಸುತ್ತದೆ.

ಎರಡನೆಯ ದಾರಿ ಗೋವೆಯದು. 1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರಿಂದ ಬಿಡುಗಡೆ ಹೊಂದಿತು. ಮುಂದೆ ಮುರಗಾಂವ್ ಬಂದರಿನ ಕಬ್ಬಿಣದ ಅದಿರಿನ ರಫ್ತು, 1970ರ ದಶಕದಲ್ಲಿ ತಲೆಯೆತ್ತಿದ ಜುವಾರಿ ರಸಗೊಬ್ಬರ ಕಾರ್ಖಾನೆ, ಪ್ರವಾಸೋದ್ಯಮ ಹುಟ್ಟಿಸಿದ ಕಟ್ಟಡಗಳ ಕೆಲಸ ಇವೆಲ್ಲ ಉತ್ತರ ಕರ್ನಾಟಕದ ಕೂಲಿಕಾರರನ್ನು ಸೆಳೆದವು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಭಾಗದವರ ಜೊತೆಯಲ್ಲಿ ಈ ಮೂರು ತಾಲ್ಲೂಕುಗಳವರೂ ಅಲ್ಲಿಗೆ ಹೋದರು. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರ ಪ್ರಮಾಣ ಶೇ. 4.6ರಷ್ಟಿತ್ತು.

ಮೂರನೆಯದು ಮಂಗಳೂರು, ಉಡುಪಿಗಳ ದಾರಿ. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ಅದರ ಬೆನ್ನಿಗೆ ರಸಗೊಬ್ಬರ ಕಾರ್ಖಾನೆ, 1990ರ ದಶಕದಲ್ಲಿ ತೈಲ ಶುದ್ಧೀಕರಣ ಘಟಕ, ಕೊಂಕಣ ರೈಲ್ವೆಯ ಕಾಮಗಾರಿ, ಮಲ್ಪೆಯ ಮೀನುಗಾರಿಕೆ ಬಂದರಿನ ಬೆಳವಣಿಗೆ ಒಂದರ ಹಿಂದೆ ಒಂದು ಬಂದವು. ಮಣ್ಣು ಅಗೆಯುವ, ಕಲ್ಲು ಹೊರುವ, ಕಾಂಕ್ರೀಟು ಕಲಸುವ ಕೆಲಸಗಳಿಗೆ ಘಟ್ಟದ ಮೇಲಿನವರೇ ಬೇಕಾದರು.

ಈ ಮೂರೂ ದಾರಿಗಳಿಗೆ ಸಮಾನವಾದ ಒಂದು ಕಾಲಮಾನವಿದೆ. ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಲೂ ಊರಲ್ಲಿ ಕೆಲಸ ಕಡಿಮೆಯಾಗುತ್ತದೆ. ಬಾವಿಗಳ ನೀರು ಇಳಿಯುತ್ತದೆ. ಕರಾವಳಿಯಲ್ಲಿ ಅದು ಕಟ್ಟಡ ಕೆಲಸದ ಹಂಗಾಮು. ಜೂನ್ ತಿಂಗಳಲ್ಲಿ ನೈಋತ್ಯ ಮಾರುತ ಕರಾವಳಿಗೆ ಬಡಿದಾಗ ಅಲ್ಲಿ ಅಗೆತ, ಗಾರೆಗಳ ಕೆಲಸ ನಿಲ್ಲುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್, ಜುಲೈಗಳಲ್ಲಿ ನಿಷೇಧವಿರುತ್ತದೆ. ಅದೇ ಮಾರುತ ಘಟ್ಟವನ್ನು ದಾಟಿ, ತನ್ನ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿದು, ಉಳಿದಷ್ಟನ್ನು ಹೊತ್ತು ಈ ಸೀಮೆಗೆ ಬಂದಾಗ ಇಲ್ಲಿ ಮುಂಗಾರಿ ಬಿತ್ತನೆ. ಒಂದೇ ಮಳೆ ಅಲ್ಲಿ ಕೆಲಸ ನಿಲ್ಲಿಸಿ ಇಲ್ಲಿ ಕೆಲಸ ಕೊಡುತ್ತದೆ. ಗುಳೆಯು ಗೊತ್ತುಗುರಿಯಿಲ್ಲದ ಅಲೆದಾಟವಾಗಿರದೆ ಎರಡು ನೆಲಗಳ ಮಳೆಗಾಲವನ್ನು ಹೊಂದಿಸಿಕೊಂಡ ಬದುಕಿನ ಕ್ರಮವಾಗಿತ್ತೆಂಬುದನ್ನು ಈ ಹೊಂದಾಣಿಕೆ ತೋರಿಸುತ್ತದೆ. ವರ್ಷವಿಡೀ ಕಡಲ ನಗರದಲ್ಲಿಯೇ ಉಳಿದವರ ಸಂಖ್ಯೆ ಬೆಳೆದದ್ದು ಅನಂತರದ ಬೆಳವಣಿಗೆ.

4. ಆಯ್ಕೆಯ ನಾಲ್ಕು ಅಳತೆಗಳು

ಗುಳೆ ಹೋದವರು ನೆಲೆಯನ್ನು ಆರಿಸಿಕೊಳ್ಳುವಾಗ ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ನೋಡಿದರೆಂದು ಹೇಳಬಹುದು. ಕೆಲಸ, ನೀರು, ಬಳಗ, ದೇವರು ಇವೇ ಆ ನಾಲ್ಕು.

ಮೊದಲನೆಯದು ಕೆಲಸ. ಮುಂಬಯಿಯ ಕಟ್ಟಡ ಕೂಲಿಕಾರನ ದಿನ ನಾಕಾದಲ್ಲಿ ಆರಂಭವಾಗುತ್ತದೆ. ನಸುಕಿನಲ್ಲಿಯೇ ಹೋಗಿ ನಿಂತವನಿಗೆ ಅಂದಿನ ಕೂಲಿ ಸಿಗುತ್ತದೆ, ತಡವಾಗಿ ಬಂದವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಬಸ್ಸಿಗೋ ಲೋಕಲ್ ಗಾಡಿಗೋ ಹಣ ತೆತ್ತು ದೂರದಿಂದ ಬರುವುದು ಅವನಿಗೆ ಆಗದ ಮಾತು. ಆದ್ದರಿಂದ ನಾಕಾಕ್ಕೆ ನಡೆದು ಹೋಗುವಷ್ಟು ಹತ್ತಿರ ಬಿಡಾರವಿರಬೇಕು. ಈ ಸತ್ಯವನ್ನು ದೇಶದ ಅತ್ಯುನ್ನತ ನ್ಯಾಯಾಲಯವೂ ಗುರುತಿಸಿದೆ. 1981ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರವು ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರನ್ನು ಎಬ್ಬಿಸಿ ಅವರವರ ಊರುಗಳಿಗೆ ಕಳುಹಿಸುವುದಾಗಿ ಸಾರಿತು. ಅದರ ವಿರುದ್ಧ ಹೂಡಲಾದ, ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ 1985ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿದ ಆ ತೀರ್ಪು, ಇಂಥ ಜನ ದುಡಿಯುವ ಜಾಗದ ಹತ್ತಿರವೇ ಪಾದಚಾರಿ ಮಾರ್ಗವನ್ನೋ ಕೊಳಚೆ ಪ್ರದೇಶವನ್ನೋ ಆರಿಸಿಕೊಳ್ಳುತ್ತಾರೆ, ನೆಲೆ ಕಳೆದುಕೊಳ್ಳುವುದೆಂದರೆ ಕೆಲಸ ಕಳೆದುಕೊಳ್ಳುವುದೇ ಆಗುತ್ತದೆ ಎಂಬ ವಾದವನ್ನು ಒಪ್ಪಿತು. ಹೀಗಿದ್ದೂ ಎಬ್ಬಿಸುವ ಅಧಿಕಾರವನ್ನು ಅದು ಅಳಿಸಲಿಲ್ಲ. ಮಳೆಗಾಲ ಮುಗಿಯುವ ಮುನ್ನ, ಅಂದರೆ ಆ ವರ್ಷದ ಅಕ್ಟೋಬರ್ 31ರವರೆಗೆ, ಬಿಡಾರಗಳನ್ನು ತೆಗೆಯಕೂಡದೆಂದು ವಿಧಿಸಿತು.

ಎರಡನೆಯದು ನೀರು. ಬರದ ಸೀಮೆಯಿಂದ ಹೋದವರು ನೆಲವನ್ನು ನೋಡುವ ಮೊದಲು ನೀರನ್ನು ನೋಡುತ್ತಾರೆ. ಕಡಲಂಚಿನ ನಗರದಲ್ಲಿ ಈ ನೋಟಕ್ಕೆ ವಿಚಿತ್ರವಾದ ಪರೀಕ್ಷೆ ಒದಗಿತು. ಕಣ್ಣೆದುರು ನೀರೋ ನೀರು, ಕುಡಿಯಲು ಬೊಗಸೆಯಿಲ್ಲ. ಮರಳುದಂಡೆಯ ಬಾವಿಗಳಲ್ಲಿ ಸವುಳು ನೀರು. ಆದ್ದರಿಂದ ನಗರಸಭೆಯ ನಳ, ಕಾರ್ಖಾನೆಯ ಕೊಳವೆ, ಹಳೆಯ ಸಿಹಿನೀರ ಬಾವಿ ಇವುಗಳ ಸುತ್ತ ಬಿಡಾರಗಳು ಕೂಡಿಕೊಂಡವು. ಊರಿನಲ್ಲಿ ಬಾವಿಯ ಸುತ್ತ ನಡೆಯುತ್ತಿದ್ದ ಹೆಣ್ಣುಮಕ್ಕಳ ಮಾತುಕತೆ, ಜಗಳ, ಸಂಬಂಧ ಕುದುರಿಸುವಿಕೆ ಇಲ್ಲಿ ನಳದ ಸರದಿಯಲ್ಲಿ ಮುಂದುವರಿದವು. ಬಿಡಾರದ ಜಾಗವನ್ನು ಮೇಸ್ತ್ರಿಯೊಡನೆ ಗಂಡಸರು ಮಾತನಾಡಿ ಗೊತ್ತುಮಾಡಿರಬಹುದು. ಅಲ್ಲಿ ಉಳಿಯುವುದೋ ಬೇರೆಡೆ ಸರಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಕೊಡ ಹೊರುವ ಹೆಂಗಸರ ಅನುಭವ.

ಮೂರನೆಯದು ಬಳಗ. ಮೊದಲು ಹೋದವನೊಬ್ಬ ಮುಂದೆ ಬರುವವರಿಗೆ ದಾರಿಯಾಗುತ್ತಾನೆ. ಅವನ ಬಿಡಾರದ ಪಕ್ಕದಲ್ಲಿ ತಮ್ಮನದು, ಅದರ ಆಚೆ ಹೆಂಡತಿಯ ತವರಿನವರದು, ಅನಂತರ ಅದೇ ಊರಿನ ಇನ್ನೊಂದು ಮನೆತನದ್ದು. ಮುಂಗಡ ಕೊಟ್ಟ ಮೇಸ್ತ್ರಿಯೂ ಹಲವೊಮ್ಮೆ ಅದೇ ಸೀಮೆಯವನು. ಈ ಸರಪಣಿಯಿಂದ ನಗರದ ಒಂದು ಸಾಲು ಊರಿನ ಒಂದು ಓಣಿಯ ಚಾಚಿದ ತುದಿಯಾಗುತ್ತದೆ. ಸಾವು, ಹೆರಿಗೆ, ಕಾಯಿಲೆ, ಪೊಲೀಸ್ ಠಾಣೆಯ ತೊಡಕುಗಳಲ್ಲಿ ಈ ಸಾಲೇ ಅವರ ವಿಮೆ, ಅವರ ಬ್ಯಾಂಕು. ಬಾಡಿಗೆ ತುಸು ಹೆಚ್ಚಾದರೂ ಬಳಗದ ನಡುವೆ ಇರುವುದೇ ಲೇಸೆಂದು ತಿಳಿಯುವುದಕ್ಕೆ ಇದು ಕಾರಣ.

ನಾಲ್ಕನೆಯದು ದೇವರು. ಬಿಡಾರಗಳ ಸಾಲು ಒಂದೆರಡು ವರ್ಷ ನಿಂತಿತೆಂದರೆ ಅದರ ಮೂಲೆಯಲ್ಲೊಂದು ಕಲ್ಲು ಕುಂಕುಮ ಹಚ್ಚಿಕೊಳ್ಳುತ್ತದೆ. ಯಲ್ಲಮ್ಮ, ಮರಗಮ್ಮ, ಮೈಲಾರಲಿಂಗ, ಮೋನಪ್ಪಯ್ಯ, ಲಂಬಾಣಿಗರಿದ್ದಲ್ಲಿ ಸೇವಾಲಾಲ ಹೀಗೆ ಊರಿನ ದೈವಗಳು ಹೊಸ ನೆಲದಲ್ಲಿ ಕಾಣಿಸಿಕೊಳ್ಳುತ್ತವೆ. ಮೂಲ ದೈವದ ಹಕ್ಕು ಮಾತ್ರ ಊರಿನಲ್ಲಿಯೇ ಉಳಿಯುತ್ತದೆ. ಯಾದಗಿರಿ ಬಳಿಯ ಮೈಲಾಪುರದಲ್ಲಿ ಸಂಕ್ರಾಂತಿಗೆ ನಡೆಯುವ ಮಲ್ಲಯ್ಯನ ಜಾತ್ರೆ, ಕೃಷ್ಣೆಯ ದಂಡೆಯ ತಿಂಥಣಿಯ ಮೋನಪ್ಪಯ್ಯನ ಜಾತ್ರೆ, ಹಳ್ಳಿಹಳ್ಳಿಯ ಮೊಹರಂ ಇವುಗಳಿಗೆ ಕೂಲಿ ಬಿಟ್ಟಾದರೂ ಊರಿಗೆ ಬರುವವರು ಬಹಳ. ಜಾತಿಮತದ ಗೆರೆ ದಾಟಿ ಅಲಾಯಿ ಕುಣಿಯ ಸುತ್ತ ಸೇರುವ ಈ ಜನ, ಮುಂದಿನ ವರ್ಷ ಯಾರು ಯಾವ ನಗರಕ್ಕೆ, ಯಾರ ಬಿಡಾರದ ಪಕ್ಕಕ್ಕೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದೂ ಇಂಥ ಕೂಟಗಳಲ್ಲಿಯೇ. ಜಾತ್ರೆಯು ಗುಳೆಯ ಮಾಹಿತಿ ಹಂಚುವ ಸ್ಥಳವೂ ಆಗಿದೆಯೆಂಬುದನ್ನು ಜಾನಪದ ಅಧ್ಯಯನ ಇನ್ನಷ್ಟು ಗಮನಿಸಬೇಕಾಗಿದೆ.

5. ಸ್ಥಳನಾಮಗಳು ಹೇಳುವುದು

ಈ ಜನ ನೆಲೆಸಿದ ಜಾಗಗಳ ಹೆಸರುಗಳನ್ನೇ ಒಟ್ಟಿಗಿಟ್ಟು ನೋಡಿದರೆ ಒಂದು ಚಿತ್ರ ಮೂಡುತ್ತದೆ. ವಾಸ್ಕೊದ ಬೈನಾ ಕಡಲದಂಡೆ, ಮಡಗಾಂವಿನ ಮೋತಿ ಡೊಂಗರ, ಉಡುಪಿಯ ಬೀಡಿನಗುಡ್ಡೆ, ಮುಂಬಯಿಯಲ್ಲಿ ಕಡಲನ್ನು ತುಂಬಿ ಮಾಡಿದ ಕಫ್ ಪರೇಡ್‌ನ ಅಂಚು. ಡೊಂಗರವೆಂದರೂ ಗುಡ್ಡೆಯೆಂದರೂ ಬೆಟ್ಟವೇ. ಒಂದೋ ಮರಳು, ಇಲ್ಲವೇ ಗುಡ್ಡದ ಇಳಿಜಾರು. ಸ್ಥಳೀಯರು ತೋಟ, ಗದ್ದೆ, ಮನೆಗಳಿಗೆ ಬೇಡವೆಂದು ಬಿಟ್ಟ ನೆಲವೇ ಇವರ ಪಾಲಿಗೆ ಬಂದಿತು. ಗುಡ್ಡದ ನಾಡಿನಿಂದ ಹೋದವರಿಗೆ ಇಳಿಜಾರಿನಲ್ಲಿ ಗೂಡು ಕಟ್ಟುವುದು ತಿಳಿದಿತ್ತು. ಉಬ್ಬರದ ನೀರು ಮತ್ತು ನಾಲ್ಕು ತಿಂಗಳ ಜಡಿಮಳೆ ಮಾತ್ರ ಹೊಸವು. ಮಣ್ಣಿನ ಮಾಳಿಗೆಯ ತಿಳಿವು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ತಾಡಪತ್ರಿ, ತಗಡು, ಸೋಗೆಗಳಿಂದ ಮನೆ ಕಟ್ಟುವುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು.

ಇನ್ನೊಂದು ಬಗೆಯ ಹೆಸರುಗಳೂ ಇವೆ. ಜುವಾರಿನಗರ, ಪಣಜಿ ಸಮೀಪದ ಚಿಂಬೆಲ್‌ನ ಇಂದಿರಾನಗರ, ಕಫ್ ಪರೇಡ್‌ನ ಅಂಬೇಡ್ಕರ್ ನಗರ, ಗಣೇಶಮೂರ್ತಿ ನಗರ. ಕೊನೆಯ ಎರಡರಲ್ಲಿ ಕರ್ನಾಟಕ ಮೂಲದ ಲಂಬಾಣಿ ಕುಟುಂಬಗಳು ನೆಲೆಸಿದುದುಂಟು. ‘ನಗರ’ ಎಂಬ ಪದವನ್ನು ಬಿಡಾರಗಳ ಗುಂಪಿಗೆ ಸೇರಿಸುವುದು ಅಲಂಕಾರಕ್ಕಾಗಿ ಅಲ್ಲ. ಇದು ನಾಳೆ ಕೀಳುವ ಬಿಡಾರವಲ್ಲ, ಜನ ಬದುಕುವ ಊರು ಎಂದು ಆಡಳಿತದ ಮುಂದೆ ಇಟ್ಟ ಅರ್ಜಿಯದು. ರಾಷ್ಟ್ರನಾಯಕರ ಹೆಸರಿರುವ ಜಾಗವನ್ನು ಕೆಡವಲು ಅಧಿಕಾರಿಗಳು ಹಿಂಜರಿದಾರೆಂಬ ಎಣಿಕೆಯೂ ಅದರಲ್ಲಿ ಅಡಗಿದೆ.

ಇದರೊಡನೆ ಹೋಲಿಸಲು ತವರು ಸೀಮೆಯಲ್ಲಿಯೇ ಒಂದು ಉದಾಹರಣೆ ದೊರೆಯುತ್ತದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಕಾಲುವೆ ನೀರು ಬಂದಿತು. ಅದನ್ನು ಅನುಸರಿಸಿ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ಭೂಮಿ ಕೊಂಡು ಭತ್ತ ಬೆಳೆಯತೊಡಗಿದರು. ಅವರ ವಸತಿಗಳಿಗೆ ಜನ ‘ಕ್ಯಾಂಪ್’ ಎಂದರು. ಪೂರ್ವ ಕರಾವಳಿಯವರು ಇಲ್ಲಿಗೆ ಬಂದು ನೆಲೆನಿಂತ ಅದೇ ಕಾಲದಲ್ಲಿ ಕಾಲುವೆಯ ನೀರು ಮುಟ್ಟದ ಹೊಲದವರು, ಹೊಲವೇ ಇಲ್ಲದವರು ಪಶ್ಚಿಮ ಕರಾವಳಿಗೆ ಹೋಗುತ್ತಲೇ ಇದ್ದರು. ಹಣವಿದ್ದವರ ವಸತಿಗೆ ತಾತ್ಕಾಲಿಕತೆಯನ್ನು ಸೂಚಿಸುವ ಹೆಸರಿದ್ದರೂ ಅದು ಶಾಶ್ವತವಾಯಿತು. ಹಣವಿಲ್ಲದವರ ವಸತಿಗೆ ‘ನಗರ’ವೆಂಬ ಶಾಶ್ವತದ ಹೆಸರಿದ್ದರೂ ಅದು ತಾತ್ಕಾಲಿಕವೆನಿಸಿಕೊಂಡಿತು. ನೆಲೆಯ ಭದ್ರತೆ ಕಾಲದ ಅಳತೆಯಿಂದ ಬರದೆ ಪಟ್ಟಾದ ಕಾಗದದಿಂದ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

6. ಆಯ್ಕೆಯ ಮಿತಿ

ಇಲ್ಲಿಯವರೆಗೆ ಬಳಸಿದ ‘ಆಯ್ಕೆ’ ಎಂಬ ಪದಕ್ಕೆ ಮಿತಿಗಳಿವೆ. ಎಲ್ಲರೂ ಆರಿಸಿಕೊಂಡು ಹೋದವರಲ್ಲ. ಬೈನಾದಲ್ಲಿ ಕೂಲಿಕಾರರ ಮನೆಗಳ ಜೊತೆಗೆ ವೇಶ್ಯಾವಾಟಿಕೆಯೂ ಇತ್ತು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಕರ್ನಾಟಕ, ಆಂಧ್ರಗಳ ಬಡ ಕುಟುಂಬಗಳವರು ಹಲವರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿಯೇ ರೂಪಿಸಿದರೂ ಆ ಪದ್ಧತಿ ಹಾಕಿದ ದಾರಿ ಕೂಡಲೇ ಮುಚ್ಚಲಿಲ್ಲ. ಇಂಥವರ ವಿಷಯದಲ್ಲಿ ನೆಲೆಯನ್ನು ಆರಿಸಿದವರು ಬೇರೆಯವರು, ಅಲ್ಲಿ ಬದುಕಿದವರು ಬೇರೆಯವರು.

ಬಳಗದ ಅಳತೆಯೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಊರಿನ ಓಣಿ ಕಡಲ ನಗರದಲ್ಲಿ ಮರುಹುಟ್ಟು ಪಡೆದಾಗ ಅದರೊಡನೆ ಜಾತಿಯ ಗೆರೆಯೂ ಬಂದಿತು. ತಾಂಡಾದವರ ಸಾಲು ಬೇರೆ, ಕೇರಿಯವರ ಸಾಲು ಬೇರೆ ಆದುದುಂಟು. ಊರಿನಲ್ಲಿ ಬಾವಿಗೆ ಕೊಡ ಇಳಿಸಲಾಗದಿದ್ದ ದಲಿತರಲ್ಲಿ ಕೆಲವರಿಗೆ ನಗರದ ಆಕರ್ಷಣೆ ಕೂಲಿಗಿಂತ ಮಿಗಿಲಾಗಿ ತಮ್ಮನ್ನು ಯಾರೂ ಅರಿಯದ ಸ್ಥಿತಿಯಲ್ಲಿತ್ತು. ಅಂಥವರು ಬೇಕೆಂದೇ ತಮ್ಮೂರವರಿಂದ ದೂರ ಬಿಡಾರ ಹೂಡಿದರು. ನಗರಸಭೆಯ ನಳದ ಸರದಿಯಲ್ಲಿ ಮೊದಲು ಬಂದವರಿಗೆ ಮೊದಲು ನೀರು. ಈ ಸಣ್ಣ ನಿಯಮದ ಬೆಲೆ ಅವರಿಗೆ ತಿಳಿದಿತ್ತು. ಅಲ್ಲದೆ ತುಳುನಾಡಿನಲ್ಲಿ ‘ಘಟ್ಟದವರು’, ಗೋವೆಯಲ್ಲಿ ‘ಘಾಟಿ’ ಎಂಬ ಒಂದೇ ಹೆಸರಿನಿಂದ ಎಲ್ಲರನ್ನೂ ಕರೆದಾಗ ನಾಯಕ, ಕುರುಬ, ಮಾದಿಗ, ಲಂಬಾಣಿ ಎಂಬ ಭೇದ ಹೊರಗಿನವರ ಕಣ್ಣಲ್ಲಿ ಅಳಿಯಿತು. ಆ ಕರೆಯಲ್ಲಿ ತಾತ್ಸಾರವಿದ್ದರೂ ಒಟ್ಟಾಗಿ ನಿಲ್ಲುವ ಅಗತ್ಯವನ್ನೂ ಅದು ಹುಟ್ಟಿಸಿತು. ಮುಂಬಯಿ ಕರ್ನಾಟಕದ ಬಾಯಲ್ಲಿ ಹಿಂದೆ ‘ಮೊಗಲಾಯಿಯವರು’, 1956ರ ಏಕೀಕರಣದ ಬಳಿಕ ‘ಹೈದರಾಬಾದ್ ಕರ್ನಾಟಕ’ದವರು, 2019ರಿಂದ ‘ಕಲ್ಯಾಣ ಕರ್ನಾಟಕ’ದವರು ಎನಿಸಿಕೊಂಡ ಈ ಜನರಿಗೆ ಕಡಲಂಚಿನಲ್ಲಿ ಸಿಕ್ಕ ಹೆಸರು ಮಾತ್ರ ಬದಲಾಗಲಿಲ್ಲ.

ಆಯ್ಕೆಯ ಇನ್ನೊಂದು ಮಿತಿ ನೆಲಸಮ. 2004ರ ಜೂನ್ ತಿಂಗಳಲ್ಲಿ ಬೈನಾ ದಂಡೆಯ ಮನೆಗಳನ್ನು ಕೆಡವಲಾಯಿತು. ಅದು ಮಳೆಗಾಲದ ಆರಂಭ. 1985ರ ತೀರ್ಪಿನಲ್ಲಿ ಮಳೆಗಾಲಕ್ಕೆ ದೊರೆತಿದ್ದ ಮನ್ನಣೆ ಇಲ್ಲಿ ದೊರೆಯಲಿಲ್ಲ. ವೇಶ್ಯಾವಾಟಿಕೆಯನ್ನು ತೆಗೆಯುವುದು ಆ ಕ್ರಮದ ಉದ್ದೇಶವೆಂದು ಹೇಳಲಾದರೂ ಅದರ ಸುತ್ತ ಹಬ್ಬಿದ್ದ ನಳ, ಸಾಲ, ಅಂಗಡಿ, ಗುಡಿ, ಮಕ್ಕಳ ಶಾಲೆ ಇವುಗಳ ಜಾಲವೂ ಹರಿಯಿತು. ಅದೇ ವರ್ಷದ ಕೊನೆಯಲ್ಲಿ ಮುಂಬಯಿಯಲ್ಲಿಯೂ ಸಾವಿರಾರು ಝೋಪಡಿಗಳು ನೆಲಕ್ಕುರುಳಿದವು. ಬದಲಿ ಮನೆ ಕೊಡುವಾಗ ಮಹಾರಾಷ್ಟ್ರದಲ್ಲಿ 1995ರ ಜನವರಿ 1, ಆಮೇಲೆ 2000ದ ಜನವರಿ 1 ಎಂಬ ಗಡಿದಿನಗಳನ್ನು ಇಟ್ಟುಕೊಳ್ಳಲಾಯಿತು. ಬಿತ್ತನೆಗೆ ಊರಿಗೆ ಹೋಗಿ ಸುಗ್ಗಿಯ ಬಳಿಕ ಮರಳುವವನಿಗೆ ಒಂದೇ ಜಾಗದಲ್ಲಿ ನಿರಂತರ ವಾಸದ ದಾಖಲೆ ತೋರಿಸುವುದು ಬಹು ಕಷ್ಟ. ತೋರಿಸಿದವನಿಗೂ ದೊರೆತದ್ದು ಚದರಡಿಯ ಲೆಕ್ಕದ ಖೋಲಿ. ಕೆಲಸ, ನೀರು, ಬಳಗ, ದೇವರು ಎಂಬ ನಾಲ್ಕು ಅಳತೆಗಳಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ದೂರದ ಪುನರ್ವಸತಿ ಕಟ್ಟಡವನ್ನು ಬಿಟ್ಟು ಜನ ಮತ್ತೆ ಹಳೆಯ ನಾಕಾದ ಬಳಿಗೆ ಬಂದು ತಾಡಪತ್ರಿ ಕಟ್ಟುವುದನ್ನು ಕೃತಘ್ನತೆಯೆಂದು ಬಗೆಯುವವರು ಈ ಅಳತೆಗಳನ್ನು ಅರಿಯಬೇಕು.

7. ಎರಡು ಊರುಗಳ ನಡುವೆ

2002ರಲ್ಲಿ ವರದಿ ಸಲ್ಲಿಸಿದ ಡಿ. ಎಂ. ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83ರಷ್ಟಿದ್ದು ರಾಜ್ಯದಲ್ಲಿ ಕನಿಷ್ಠವಾಗಿತ್ತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಆ ಜನಗಣತಿ ನಡೆದದ್ದು ಫೆಬ್ರುವರಿಯಲ್ಲಿ, ಅಂದರೆ ಗುಳೆ ಹೋಗುವ ಹಂಗಾಮಿನಲ್ಲಿ. ಊರಿನಲ್ಲಿ ಬೀಗ ಹಾಕಿದ ಮನೆ, ನಗರದಲ್ಲಿ ಲೆಕ್ಕಕ್ಕೆ ಬಾರದ ಬಿಡಾರ ಇವೆರಡರ ನಡುವೆ ಎಷ್ಟೋ ಜನ ಎಲ್ಲಿಯೂ ಇಲ್ಲದವರಾಗುವ ಸಂಭವ ಇಂಥ ಎಣಿಕೆಯಲ್ಲಿಯೇ ಅಡಗಿದೆ.

ಅವರು ಇದ್ದಾರೆಂಬುದು ಎಲ್ಲರಿಗೂ ಒಮ್ಮೆಲೇ ಕಂಡದ್ದು 2020ರಲ್ಲಿ. ಕೊರೊನಾ ಸೋಂಕಿನ ಕಾರಣ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಯಾಯಿತು. ಕಡಲ ನಗರಗಳಲ್ಲಿ ನಾಕಾ ಮುಚ್ಚಿದ ಮರುಕ್ಷಣ ನೆಲೆಯ ಮೊದಲ ಅಳತೆಯೇ ಬಿದ್ದುಹೋಯಿತು. ಮೇ ತಿಂಗಳಿನಿಂದ ಯಾದಗಿರಿ ಜಿಲ್ಲೆಗೆ ಮಹಾರಾಷ್ಟ್ರದಿಂದ, ವಿಶೇಷವಾಗಿ ಮುಂಬಯಿಯಿಂದ ಕುಟುಂಬಗಳು ಮರಳತೊಡಗಿದವು. ಅದುವರೆಗೆ ಸೋಂಕಿಲ್ಲದಿದ್ದ ಜಿಲ್ಲೆಯಲ್ಲಿ ಪ್ರಕರಣಗಳು ಏರಿದವು, ಶಾಲೆ ಮತ್ತು ವಸತಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ನಗರದಲ್ಲಿ ‘ಹೊರಗಿನವರು’ ಎನಿಸಿಕೊಂಡವರು ಕೆಲವು ವಾರಗಳ ಮಟ್ಟಿಗೆ ಸ್ವಂತ ಊರಿನಲ್ಲಿಯೂ ‘ಮುಂಬಯಿಯವರು’ ಎನಿಸಿಕೊಂಡರು. ಎರಡೂ ಕಡೆ ಅಗಸಿಯ ಹೊರಗೆ ನಿಂತ ಈ ಅನುಭವ ಗುಳೆಯ ಇತಿಹಾಸದಲ್ಲಿ ದಾಖಲಾಗಬೇಕಾದದ್ದು.

8. ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ಯಾದಗಿರಿ, ಶಹಾಪುರ, ಸುರಪುರಗಳ ಜನ ಕಡಲ ನಗರಗಳಲ್ಲಿ ನೆಲೆ ಕಂಡುಕೊಂಡ ಕ್ರಮದಲ್ಲಿ ಒಂದು ವಿವೇಕವಿದೆ. ವಾಗಣಗೇರಿಯನ್ನು ಬಿಟ್ಟು ಸುರಪುರವನ್ನು ಆರಿಸಿಕೊಂಡ ನಾಯಕರ ನಿರ್ಧಾರ ಇತಿಹಾಸದ ಪುಟಗಳಲ್ಲಿ ಸೇರಿದೆ. ಬೈನಾದ ಮರಳಿನಲ್ಲೋ ಬೀಡಿನಗುಡ್ಡೆಯ ಇಳಿಜಾರಿನಲ್ಲೋ ನಾಲ್ಕು ಗಳ ನೆಟ್ಟು ಸಿಹಿನೀರು ಎಷ್ಟು ದೂರವೆಂದು ಎಣಿಸಿದ ಕೂಲಿಕಾರಳ ನಿರ್ಧಾರಕ್ಕೆ ಅಂಥ ಪುಟ ದೊರೆತಿಲ್ಲ. ಇವೆರಡೂ ಮನುಷ್ಯರು ನೆಲವನ್ನು ಓದಿದ ರೀತಿಗಳೇ.

ಈ ಇತಿಹಾಸವನ್ನು ಬರೆಯಲು ಬೇಕಾದ ಆಕರಗಳು ಒಂದೆಡೆ ಸಿಗುವುದಿಲ್ಲ. ಹಳ್ಳಿಯ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಸುಗ್ಗಿಯ ಬಳಿಕ ಮಾಯವಾಗುವ ಮಕ್ಕಳ ಹೆಸರುಗಳಿವೆ. ಮುಂಬಯಿ, ಗೋವಾಗಳಲ್ಲಿ ನಡೆದ ಕನ್ನಡ ಶಾಲೆಗಳ ದಾಖಲಾತಿಗಳಲ್ಲಿ ಅದೇ ಮಕ್ಕಳ ಊರಿನ ಹೆಸರುಗಳಿರಬಹುದು. ಜಾತ್ರೆಯ ದೇಣಿಗೆಯ ಪಟ್ಟಿಗಳು, ಗುಡಿಯ ಗೋಡೆಯ ಮೇಲೆ ಬರೆಸಿದ ದಾನಿಗಳ ಹೆಸರುಗಳು, ಮೇಸ್ತ್ರಿಗಳ ಮುಂಗಡದ ಚೀಟಿಗಳು, ಬೀಸುವಾಗ ಮತ್ತು ಸೋಬಾನದಲ್ಲಿ ಹೆಂಗಸರು ಹಾಡುವ ಅಗಲಿಕೆಯ ಹಾಡುಗಳು ಇವೂ ಚರಿತ್ರೆಯ ಆಕರಗಳೇ. ಜಾನಪದ ವಿದ್ವಾಂಸರು ಹಾಡನ್ನು ಸಂಗ್ರಹಿಸುವಾಗ ಹಾಡಿದವಳ ಊರಿನ ಹೆಸರಿನ ಜೊತೆಗೆ ಅವಳು ಯಾವ ನಗರದ ಯಾವ ಸಾಲಿನಲ್ಲಿ ಎಷ್ಟು ವರ್ಷ ಇದ್ದಳೆಂಬುದನ್ನೂ ಬರೆದುಕೊಳ್ಳುವುದು ಇನ್ನು ಮುಂದಾದರೂ ರೂಢಿಗೆ ಬರಬೇಕು. ಕೆಡವಿದ ಬಿಡಾರಗಳು ನೆಲದ ಮೇಲೆ ಗುರುತು ಉಳಿಸುವುದಿಲ್ಲ. ಅಲ್ಲಿದ್ದು ಬಂದವರ ಮಾತಿನಲ್ಲಿ ಮಾತ್ರ ಅವುಗಳ ಸಾಲು, ನಳ, ಗುಡಿಗಳು ಇನ್ನೂ ನಿಂತಿವೆ. ಆ ತಲೆಮಾರಿನವರು ಇರುವಾಗಲೇ ಅದನ್ನು ಕೇಳಿ ಬರೆದುಕೊಳ್ಳುವ ಕೆಲಸ ನಡೆಯಬೇಕಾಗಿದೆ.